ತಟ್ಟೆ ನೋಡುತ್ತಿದ್ದವಳು ಮುಖ ನೋಡಲು ಕಲಿತದ್ದು

ನನ್ನ ತಂಗಿಯ ಮಗಳು ಸರ್ವಮಂಗಳ ಹನುಮಂತನಗರದಲ್ಲಿ ಮನೆ ಊಟದ ಮೆಸ್ಸು ಶುರುಮಾಡುತ್ತಿದ್ದಾಳೆ. ಹೋದ ಸೋಮವಾರ ನಾನು ಪೂಜೆ ಮುಗಿಸಿ ಏಳುವ ಹೊತ್ತಿಗೆ ಒಂದು ಹೊಸ ನೋಟ್‌ಬುಕ್ಕು ಹಿಡಿದು ಬಂದು ಕೂತಿದ್ದಳು.

"ದೊಡ್ಡಮ್ಮ, ನಿಮ್ಮ ಇಪ್ಪತ್ತೆರಡು ವರ್ಷದ ಸರ್ವೀಸ್ ಇದ್ರಲ್ಲಿ ಬರ್ದುಕೊಡಿ. ಹುಳಿಪುಡಿಗೆ ಎಷ್ಟು ಮೆಣಸಿನಕಾಯಿ, ಎಷ್ಟು ಜನಕ್ಕೆ ಎಷ್ಟು ಪಾವು ಅಕ್ಕಿ, ಎಲ್ಲಾ."

"ಅದೆಲ್ಲ ನಿಂಗೆ ಗೊತ್ತಲ್ಲೇ. ನನಗಿಂತ ಚೆನ್ನಾಗಿ ಮಾಡ್ತೀಯ."

"ಹಂಗಾದ್ರೆ ನಂಗೆ ಗೊತ್ತಿಲ್ದೇ ಇರೋದು ಬರೀರಿ."

ಆ ಮಾತು ನನಗೆ ಹಿಡಿಸಿತು. ಅಡುಗೆ ಇವಳಿಗೆ ಬರುತ್ತದೆ. ಬಡಿಸುವುದು ಬರುತ್ತದೋ ಇಲ್ಲವೋ ತಿಳಿಯದು. ನನಗೆ ಅದು ಬರಲು ಹನ್ನೆರಡು ವರ್ಷ ಹಿಡಿಯಿತು, ಹಾಗಾಗಿ ಅದನ್ನೇ ಬರೆಯುತ್ತೇನೆ.

ಯುದ್ಧದ ಕಾಲದಲ್ಲಿ ಶಂಕರಪುರದ ನಮ್ಮ ಮನೆಗೆ ಯಜಮಾನರ ದೂರದ ಸಂಬಂಧಿಯೊಬ್ಬರು ಕಾಲೇಜು ಓದುವ ಮಗನನ್ನು ಕರೆತಂದು, "ಹೋಟ್ಲಲ್ಲಿ ತಿಂದು ಹೊಟ್ಟೆ ಕೆಡಿಸ್ಕೊಂಡಿದಾನೆ, ಎರಡು ತುತ್ತು ಹಾಕಿ" ಎಂದರು. ಅವನ ಹಿಂದೆ ಅವನ ಸ್ನೇಹಿತ ಬಂದ. ಸ್ನೇಹಿತನ ಹಿಂದೆ ಅವನ ರೂಮಿನ ಇನ್ನಿಬ್ಬರು ಬಂದರು. ವರ್ಷ ತಿರುಗುವುದರೊಳಗೆ ನಮ್ಮ ನಡುಮನೆಯಲ್ಲಿ ಹದಿನಾಲ್ಕು ಮಣೆ. ಯಜಮಾನರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ರಟ್ಟಿನ ಮೇಲೆ ಬಣ್ಣದಲ್ಲಿ 'ಮನೆ ಊಟ' ಎಂದು ಬರೆದು ಸುತ್ತ ಬಳ್ಳಿ ಬಿಡಿಸಿದರು. ಬಳ್ಳಿ ಎಷ್ಟು ಸೊಂಪಾಗಿತ್ತೆಂದರೆ ಅಕ್ಷರ ಕಾಣುತ್ತಿರಲಿಲ್ಲ. ಜನ ಹೇಗೋ ಬಂದರು, ಶಿವನ ಕೃಪೆ.

ನನ್ನ ಮೇಲಧಿಕಾರಿ ನಮ್ಮತ್ತೆಯವರು. ಅಡುಗೆಮನೆ ಬಾಗಿಲಲ್ಲಿ ಮುಕ್ಕಾಲಿ ಹಾಕಿಕೊಂಡು, ಎಲೆ ಅಡಿಕೆ ಕುಟ್ಟುತ್ತಾ ಕೂತರೆ ಅವರ ಕಣ್ಣು ತಪ್ಪಿ ಒಂದು ಸಾಸಿವೆ ಸಿಡಿಯುವಂತಿರಲಿಲ್ಲ. ಪಂಕ್ತಿ ಎದ್ದ ಮೇಲೆ ಅವರು ಮಾಡುತ್ತಿದ್ದ ಮೊದಲ ಕೆಲಸ ತಟ್ಟೆಗಳ ತಪಾಸಣೆ. ನಮ್ಮಲ್ಲಿ ಅನ್ನ ಪ್ರಸಾದ. ತಟ್ಟೆಯಲ್ಲಿ ಒಂದಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ತೊಳೆದು ಕುಡಿಯುವುದು ಪದ್ಧತಿ. ಕಾಲೇಜು ಹುಡುಗರು ಮೊದಮೊದಲು ಮುಖ ಹಿಂಡುತ್ತಿದ್ದರು. ನಮ್ಮತ್ತೆ ಒಮ್ಮೆ ದಿಟ್ಟಿಸಿ ನೋಡಿದರೆ ಸಾಕು, ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದರು. ಹದಿನಾಲ್ಕು ತಟ್ಟೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ನಮ್ಮತ್ತೆ, "ಹೂಂ, ಊಟ ಸೇರಿದೆ" ಎಂದು ಸರ್ಟಿಫಿಕೇಟು ಕೊಡುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ.

ಆ ಸರ್ಟಿಫಿಕೇಟು ಎಷ್ಟು ಪೊಳ್ಳೆಂದು ಮೊದಲ ವರ್ಷವೇ ಗೊತ್ತಾಗಬೇಕಿತ್ತು. ಒಂದು ದಿನ ನಾನು ಸಾರಿಗೆ ಉಪ್ಪು ಹಾಕಿದೆ. ನಾನು ಹಾಕಿಲ್ಲವೆಂದುಕೊಂಡು ನಮ್ಮತ್ತೆಯವರೂ ಹಾಕಿದರು. ಪಂಕ್ತಿ ಉಂಡು ಎದ್ದಿತು. ತಟ್ಟೆಗಳು ಲಕಲಕ. "ಇವತ್ತು ಸಾರು ಒಂದು ಹದಕ್ಕೆ ಬಂದಿದೆ ಕಣೆ" ಎಂದರು ಅತ್ತೆ. ಹೊರಗೆ ಬಂದು ನೋಡಿದರೆ ಹದಿನಾಲ್ಕು ಜನವೂ ಹಿತ್ತಲ ಬಾವಿಕಟ್ಟೆಗೆ ಮುತ್ತಿದ್ದಾರೆ, ಒಬ್ಬ ಸೇದುತ್ತಿದ್ದಾನೆ, ಉಳಿದವರು ಬೊಗಸೆಯೊಡ್ಡಿ ಕುಡಿಯುತ್ತಿದ್ದಾರೆ. ಆಮೇಲೆ ನಾವಿಬ್ಬರೂ ಉಣ್ಣಲು ಕೂತು ಮೊದಲ ತುತ್ತಿಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮತ್ತೆ ಪ್ರಸಾದವೆಂದು ಕಣ್ಣುಮುಚ್ಚಿ ಪೂರ್ತಿ ಉಂಡರು. ಉಂಡಾದ ಮೇಲೆ, "ಈ ಮಕ್ಳು ನರಮನುಷ್ಯರಲ್ಲ ಕಣೆ, ಶರಣರು" ಎಂದರು.

ನಾನು ನಕ್ಕುಬಿಟ್ಟೆ. ತೊಳೆದ ತಟ್ಟೆಯಿಂದ ಏನೂ ತಿಳಿಯುವುದಿಲ್ಲ ಎಂಬ ಪಾಠ ಬಾವಿಕಟ್ಟೆಯ ಮೇಲೇ ಇತ್ತು. ಎತ್ತಿಕೊಳ್ಳಲಿಲ್ಲ.

ಕೆಲಸದ ರೀತಿ ಎಷ್ಟು ಸಲ ಬದಲಾಯಿತೋ. ಸೌದೆ ಒಲೆ ಹೋಗಿ ಮರದ ಹೊಟ್ಟು ತುಂಬುವ ಒಲೆ ಬಂತು, ಆಮೇಲೆ ಸೀಮೆಎಣ್ಣೆ ಸ್ಟವ್ವು. ರೇಷನ್ನಿನ ಕಾಲದಲ್ಲಿ ಅಕ್ಕಿಯಲ್ಲಿ ಕಲ್ಲೋ ಕಲ್ಲಿನಲ್ಲಿ ಅಕ್ಕಿಯೋ ಎಂಬಂತಿತ್ತು. ಮನೆಯವರೆಲ್ಲ ಕೂತು ಆರಿಸುತ್ತಿದ್ದೆವು. ಗೆಣಸು ಬೇಯಿಸಿ, ರಾಗಿ ಹುರಿದು, ಹೇಗೋ ಹದಿನಾಲ್ಕು ಹೊಟ್ಟೆ ತುಂಬಿಸಿದೆವು. ಬೆಳಗಿನ ಪೂಜೆಗೆ ಕೂತಾಗ ಹಿಂದಿನ ದಿನದ ಕೃಪೆಗಳನ್ನು ಬೆರಳು ಮಡಿಸಿ ಎಣಿಸುವುದು ಆಗಿನಿಂದ ನನಗೆ ಅಭ್ಯಾಸ. ಬೇಳೆ ಬೇಗ ಬೆಂದದ್ದು ಒಂದು, ಹಾಲು ಒಡೆಯದಿದ್ದದ್ದು ಒಂದು, ಅತ್ತೆ ಬೈಯದಿದ್ದದ್ದು ಒಂದು. ಮೂರನೆಯದು ಅಪರೂಪ.

ಇನ್ನು ನಾನು ಸೋತ ಕಥೆ. ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಆದರೆ ಬಿಡುವಂತಿಲ್ಲ.

ನಮ್ಮ ಪಂಕ್ತಿಯಲ್ಲಿ ರುದ್ರಯ್ಯ ಮೇಷ್ಟ್ರು ಎಂದು ಒಬ್ಬರಿದ್ದರು. ರಿಟೈರಾದ ಒಂಟಿ ಜೀವ, ನಮ್ಮತ್ತೆಗೆ ಹರಟೆಯ ಜೊತೆಗಾರರು. ಒಂದು ಬೇಸಿಗೆಯಲ್ಲಿ ಅವರು ತುಪ್ಪ ಬೇಡವೆಂದರು. ನನಗೆ ಕೋಪ, ಬೆಣ್ಣೆ ಕಾಯಿಸುವವಳು ನಾನು. "ಯಾಕೆ ಮೇಷ್ಟ್ರೇ, ಸೀದುಹೋಗಿದ್ಯಾ?" ಎಂದೆ. "ಇಲ್ಲಮ್ಮ, ಜಿಡ್ಡು ಕಂಡ್ರೆ ಹೊಟ್ಟೆ ತೊಳ್ಸುತ್ತೆ" ಎಂದರು. ಬೆನ್ನು ನೋವೆನ್ನುತ್ತಿದ್ದರು. ಒಡ್ಯಾಣ ಕಟ್ಟುವ ಜಾಗದಲ್ಲಿ ಹಿಂದೆ, ಒಳಗಿಂದ ಕೊರೆಯುವ ನೋವು. ಮಲಗಿದರೆ ಹೆಚ್ಚು, ದಿಂಬು ತಬ್ಬಿಕೊಂಡು ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ವಾಸಿ. ವಯಸ್ಸಾಯಿತು, ಬೆನ್ನು ನೋಯುತ್ತದೆ ಎಂದುಕೊಂಡೆವು. ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆಯೂ ಬಂತು. ನಮ್ಮತ್ತೆ ದಿನಾ ಮೆಂತ್ಯದ ಕಷಾಯ ಮಾಡಿಕೊಟ್ಟರು. ಸಕ್ಕರೆ ಕಾಯಿಲೆಯವರು ಸೊರಗುವುದು ಸಹಜವೆಂದುಕೊಂಡೆವು. ಒಂದೊಂದಕ್ಕೂ ನಮ್ಮ ಹತ್ತಿರ ಒಂದೊಂದು ಸಮಾಧಾನ ಇತ್ತು. ಆರು ತಿಂಗಳಲ್ಲಿ ಮೇಷ್ಟ್ರು ಶಿವನ ಪಾದ ಸೇರಿದರು.

ಅವರನ್ನು ಕೊನೆಗೆ ನೋಡಿದವರು ಚಾಮರಾಜಪೇಟೆಯ ಮುದುಕ ಡಾಕ್ಟರು. ದಪ್ಪ ಕನ್ನಡಕ, ಗೊಗ್ಗರು ದನಿ, ಮಾತು ಕಡಿಮೆ. ಕಾರ್ಯವೆಲ್ಲ ಮುಗಿದ ಮೇಲೆ ನಾನು ಹೋಗಿ ಕೇಳಿದೆ, "ಏನಾಗಿತ್ತು ಡಾಕ್ಟ್ರೇ ಅವ್ರಿಗೆ?"

ಅವರು ಔಷಧದ ಚೀಟಿಯ ಹಿಂದೆ ಒಂದು ಚಿತ್ರ ಬರೆದರು. "ಇದು ಹೊಟ್ಟೆ. ಇದರ ಹಿಂದ್ಗಡೆ, ಬೆನ್ನಿಗೆ ಒತ್ಕೊಂಡು, ಒಂದು ಗ್ರಂಥಿ ಇದೆ. ಮೇದೋಜೀರಕ ಗ್ರಂಥಿ, ಪ್ಯಾಂಕ್ರಿಯಾಸ್ ಅಂತಾರೆ. ಜಿಡ್ಡು ಅರಗ್ಸೋದು, ಸಕ್ಕರೆ ಹತೋಟೀಲಿ ಇಡೋದು ಅದರ ಕೆಲಸ. ಅಲ್ಲಿ ಗಂಟು ಬೆಳೀತು. ಕ್ಯಾನ್ಸರು."

"ಮುಂಚೆ ಗೊತ್ತಾಗ್ತಿರ್ಲಿಲ್ವಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಕಷ್ಟ ಕಣಮ್ಮ. ಹಿಂದೆ ಅಡಗಿರೋದು ಕೈಗೆ ಸಿಕ್ಕಲ್ಲ. ಬೆನ್ನುನೋವು ಊರಿಗೆಲ್ಲ ಇರುತ್ತೆ, ಹಸಿವು ಇಲ್ದೇ ಇರೋದೂ ಅಷ್ಟೇ. ನೂರು ಜನಕ್ಕೆ ಬೇರೇನೋ ಕಾರಣ. ಆದ್ರೆ ಮೂರು ನಾಲ್ಕು ಒಟ್ಟಿಗೆ ಬಂದು, ಹೋಗ್ದೇ ಕೂತ್ಕೊಂಡ್ರೆ ನೋಡ್ಬೇಕು. ವಯಸ್ಸಾದೋರು ಸೊರಗ್ತಿದ್ದಾಗ್ಲೇ ಹೊಸದಾಗಿ ಸಕ್ಕರೆ ಬಂತು ಅಂದಾಗ್ಲೂ ನೋಡ್ಬೇಕು. ನಾನೂ ತಡವಾಗೇ ನೋಡ್ದೆ."

ದೊಡ್ಡ ಡಾಕ್ಟರು ತಮ್ಮ ತಪ್ಪನ್ನು ನನ್ನಂಥ ಸೌಟು ಹಿಡಿಯುವವಳ ಮುಂದೆ ಒಪ್ಪಿಕೊಂಡದ್ದು ನನಗೆ ಆಶ್ಚರ್ಯ. ಚೀಟಿ ಮಡಿಸಿ ತಂದು ದೇವರ ಗೂಡಿನಲ್ಲಿ ಇಟ್ಟೆ.

ಇನ್ನು ಚನ್ನಬಸಪ್ಪನವರ ಕಥೆ. ಇದನ್ನು ಹೇಳಬೇಕೆಂದೇ ಇಷ್ಟು ಸುತ್ತು ಹೊಡೆದದ್ದು.

ಚನ್ನಬಸಪ್ಪನವರು ಅವೆನ್ಯೂ ರಸ್ತೆಯ ಕಾಗದದ ಮಂಡಿಯೊಂದರಲ್ಲಿ ಗುಮಾಸ್ತರು. ಐವತ್ತೈದರ ಆಜುಬಾಜು, ಗಟ್ಟಿ ಆಸಾಮಿ, ಹೆಂಡತಿ ತೀರಿಕೊಂಡು ಎಂಟು ವರ್ಷ. ಒಬ್ಬಳೇ ಮಗಳು ನೀಲಾ, ಹಾಸ್ಟೆಲಿನಲ್ಲಿದ್ದು ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಭಾನುವಾರ ಅಪ್ಪನ ಜೊತೆ ನಮ್ಮಲ್ಲೇ ಊಟ. ಚನ್ನಬಸಪ್ಪನವರು ಒಬ್ಬಟ್ಟಿನ ದಿನ ಅಂಗಡಿಗೆ ಅರ್ಧ ದಿನ ರಜೆ ಹಾಕುವವರು. ತುಪ್ಪ ಬಡಿಸಿದರೆ "ಸಾಕು" ಎಂಬ ಮಾತು ಅವರಿಗೆ ಗೊತ್ತಿರಲಿಲ್ಲ. ಅವರ ಪಕ್ಕದ ಮಣೆ ಮಹದೇವನದು. ಇಂಜಿನಿಯರಿಂಗ್ ಓದುವ ಆನೆಯಂಥ ಹುಡುಗ. ಬಡಿಸುವವರು ಅವನ ಮುಂದೆ ಬಂದಾಗ ಪಾತ್ರೆ ಭದ್ರವಾಗಿ ಹಿಡಿದುಕೊಳ್ಳಬೇಕು.

ನೀಲಾಳಿಗೆ ಚಿಕ್ಕಪೇಟೆಯ ಬಟ್ಟೆ ವ್ಯಾಪಾರದ ಮನೆತನದಲ್ಲಿ ಗಂಡು ಗೊತ್ತಾಯಿತು. ಹುಡುಗ ಶಿವಾನಂದ, ಒಳ್ಳೆಯ ಸ್ವಭಾವ. ಲಗ್ನಕ್ಕೆ ಎರಡು ತಿಂಗಳಿತ್ತು. ಚನ್ನಬಸಪ್ಪನವರು ತೆಳ್ಳಗಾಗುತ್ತಾ ಬಂದರು.

"ಮದುವೆ ಓಡಾಟ" ಎಂದರು. ಇರಬಹುದು. ಇಷ್ಟಲಿಂಗ ಕಟ್ಟಿದ ಕೊರಳಿನ ಶಿವದಾರ ಉದ್ದವಾಯಿತೆಂದು ಎರಡು ಸಲ ಗಂಟು ಹಾಕಿ ಮೋಟು ಮಾಡಿಕೊಂಡರು. ನಾನು ನೋಡಿದೆ, ಆದರೂ ನೋಡಲಿಲ್ಲ. ಯಾಕೆಂದರೆ ತಟ್ಟೆ ಖಾಲಿಯಾಗುತ್ತಿತ್ತು! ದಿನವೂ ತೊಳೆದು ಕುಡಿದು ಎದ್ದು ಹೋಗುತ್ತಿದ್ದರು. ಉಣ್ಣುವ ಮನುಷ್ಯನಿಗೆ ಏನು ಕಾಯಿಲೆ?

ಒಂದು ಸೋಮವಾರ ನಾನು ಹೊಸ ಸ್ಟವ್ವಿನಿಂದಾಗಿ ಅಡುಗೆ ಬೇಗ ಮುಗಿಸಿ, ಬಡಿಸಿದ ಮೇಲೆ ಎಂದಿನಂತೆ ಒಳಗೆ ಓಡದೆ ಪಂಕ್ತಿಯ ಮುಂದೆಯೇ ನಿಂತೆ. ನಡುಮನೆಯ ತೊಟ್ಟಿಯಿಂದ ಇಳಿದ ಬಿಸಿಲು ನೇರ ಚನ್ನಬಸಪ್ಪನವರ ಮುಖದ ಮೇಲೆ ಬಿದ್ದಿತ್ತು. ಸೋಮವಾರವಾದ್ದರಿಂದ ವಿಭೂತಿ ದಪ್ಪಗೆ ಧರಿಸಿದ್ದರು. ಹಣೆಯಲ್ಲಿ ಮೂರು ಗೆರೆ, ಹಾಲಿನಂಥ ಬಿಳುಪು. ಅವರು "ಸಾರು" ಎಂದು ತಲೆಯೆತ್ತಿದರು. ಗೆರೆಗಳ ಕೆಳಗೆ ಕಣ್ಣಿನಲ್ಲಿ ಇರಬೇಕಾದ ಬಿಳುಪು ಇರಲಿಲ್ಲ. ಅರಿಶಿನದ ನೀರಿತ್ತು.

ವಿಭೂತಿ ಇಲ್ಲದಿದ್ದರೆ ನನಗೆ ಕಾಣುತ್ತಿರಲಿಲ್ಲ. ಬಿಳುಪಿನ ಪಕ್ಕದಲ್ಲಿ ಬಿಳುಪಲ್ಲದ್ದು ಕಂಡಿತು. ಆ ದಿನದ ಕೃಪೆಗಳಲ್ಲಿ ಇದನ್ನೇ ಮೊದಲ ಬೆರಳಿಗೆ ಹಾಕಿದ್ದೇನೆ.

ಆಗ ಇನ್ನೂ ಒಂದು ಕಂಡಿತು. ನಾನು ಬಡಿಸಿದ ಮುದ್ದೆಯಲ್ಲಿ ಮುಕ್ಕಾಲು ಪಾಲು, ಕೈ ಹಚ್ಚುವ ಮೊದಲೇ, ಮೆತ್ತಗೆ ಮಹದೇವನ ತಟ್ಟೆಗೆ ಜಾರಿತು. ಮಹದೇವ ತಲೆಯೆತ್ತದೆ ನುಂಗಿದ.

ಪಂಕ್ತಿ ಎದ್ದ ಮೇಲೆ ಮಹದೇವನನ್ನು ಹಿತ್ತಲಿಗೆ ಕರೆದೆ. "ಎಷ್ಟು ದಿನದಿಂದ ನಡೀತಿದೆ ಇದು?"

"ಒಂದೂವರೆ ತಿಂಗಳು ಅಕ್ಕಾವ್ರೇ. ಅವರೇ ಕೊಡ್ತಾರೆ. ಪ್ರಸಾದ, ಚೆಲ್ಲಕ್ಕಾಗಲ್ಲ, ನೀನು ಬೆಳೆಯೋ ಹುಡುಗ ಅಂತಾರೆ."

"ನೀನು ಇನ್ನೂ ಬೆಳೀಬೇಕೇನೋ? ಬಾಗ್ಲು ಒಡೆಸ್ಬೇಕಾ ನಿಂಗೆ?"

ಪಾಪ, ಅವನ ತಪ್ಪೇನಿತ್ತು! ಒಂದಗುಳೂ ಬಿಡಬಾರದೆಂಬ ನಮ್ಮ ಮನೆಯ ಕಟ್ಟಳೆಯೇ ಚನ್ನಬಸಪ್ಪನವರ ಹಸಿವಿಲ್ಲದ ಹೊಟ್ಟೆಯನ್ನು ಮುಚ್ಚಿಟ್ಟಿತ್ತು. ಬೇರೆ ಮನೆಯಲ್ಲಾಗಿದ್ದರೆ ಎಲೆಯಲ್ಲಿ ಉಳಿದದ್ದನ್ನು ಮೊದಲ ವಾರವೇ ಯಾರಾದರೂ ನೋಡುತ್ತಿದ್ದರು.

ಸಂಜೆ ಬಂದ ಚನ್ನಬಸಪ್ಪನವರು ಜಗುಲಿಯ ಕಂಬಕ್ಕೆ ಬೆನ್ನುಜ್ಜುತ್ತಾ ನಿಂತಿದ್ದರು. ಮೈಯೆಲ್ಲ ತುರಿಕೆಯಂತೆ. ಕಾಮಾಲೆ ಆಗಿದೆ ಎಂದು ಅವರಿಗೂ ಗೊತ್ತಿತ್ತು. ಮಾಗಡಿ ಕಡೆ ಒಬ್ಬ ನಾಟಿ ವೈದ್ಯನ ಹತ್ತಿರ ಇಪ್ಪತ್ತೊಂದು ದಿನದ ಸೊಪ್ಪಿನ ಔಷಧ, ರಟ್ಟೆಗೆ ಒಂದು ಬರೆ; ಭಾನುವಾರ ಹೋಗುವುದೆಂದು ತೀರ್ಮಾನವಾಗಿತ್ತು. ನಮ್ಮತ್ತೆ, "ಹೂಂ, ಅದೇ ಸರಿ" ಎಂದರು.

ನಾನು ಮಾರನೆಯ ದಿನ ದೇವರ ಗೂಡಿನಲ್ಲಿದ್ದ ಆ ಚಿತ್ರದ ಚೀಟಿ ತೆಗೆದುಕೊಂಡು ಚಾಮರಾಜಪೇಟೆಗೆ ಹೋದೆ.

ಡಾಕ್ಟರು ಕೇಳಿದರು, "ಜ್ವರ ಇತ್ತಾ? ಹೊಟ್ಟೆನೋವು?"

"ಎರಡೂ ಇಲ್ಲ. ತುರಿಕೆ ಇದೆ. ತೆಳ್ಳಗಾಗಿದಾರೆ. ಅಗಸಗಿತ್ತಿ ಹೇಳಿದ್ಳು, ಪಂಚೆ ಮೇಲೆ ಅರಿಶಿನ ಕಲೆ ಅಂತೆ."

"ಜ್ವರ ನೋವು ಇಲ್ದೆ ಬರೋ ಕಾಮಾಲೆ, ಜೊತೆಗೆ ತುರಿಕೆ, ಸೊರಗೋದು..." ಎಂದು ತಡೆದು, "ಮೂತ್ರ, ಮಲ ಯಾವ ಬಣ್ಣ ಕೇಳ್ಕೊಂಡ್ ಬನ್ನಿ. ಪಿತ್ತದ ದಾರಿ ಕಟ್ಟಿದ್ರೆ ಮೂತ್ರ ಕಡು ಕಂದು ಆಗುತ್ತೆ, ಮಲ ಬೆಳ್ಳಗಾಗುತ್ತೆ. ಕಲ್ಲು ಕಟ್ಟಿದ್ರೂ ಹಾಗಾಗ್ಬಹುದು, ಗಂಟು ಒತ್ತಿದ್ರೂ ಆಗ್ಬಹುದು. ಸುಮ್ನೆ ಹೆದರಿಸ್ಬೇಡಿ. ಕರ್ಕೊಂಡ್ ಬನ್ನಿ" ಎಂದರು.

ಸರ್ವಮಂಗಳ, ನೀನೇ ಹೇಳು. ಆ ಕಾಲದಲ್ಲಿ ಒಬ್ಬ ಗೃಹಿಣಿ ಪರಪುರುಷನನ್ನು ಇದನ್ನು ಹೇಗೆ ಕೇಳುವುದು? ಯಜಮಾನರಿಗೆ ಹೇಳಿದೆ. ಅವರು ಕಿವಿಯವರೆಗೂ ಕೆಂಪಾಗಿ, "ನಂಗೆ ಡ್ರಾಯಿಂಗ್ ಪೇಪರ್ ತಿದ್ದೋದಿದೆ" ಎಂದು ಒಳಗೆ ಹೋದರು. ಕೊನೆಗೆ ನಮ್ಮತ್ತೆಯವರ ಕಿವಿಯಲ್ಲಿ ಹೇಳಿದೆ. ಅವರಿಗೆ ಕಿವಿ ಸ್ವಲ್ಪ ಮಂದ, ಗಂಟಲು ಮಾತ್ರ ಜೋರು. ಮುಕ್ಕಾಲಿಯಿಂದಲೇ ಕೂಗಿದರು:

"ಏನಪ್ಪಾ ಚನ್ನಬಸಪ್ಪ, ಹೊರಕಡೆಗೆ ಹೋದ್ರೆ ಯಾವ ಬಣ್ಣ ಆಗುತ್ತೆ ನಿಂಗೆ?"

ಜಗುಲಿಯಲ್ಲಿ ಎಂಟು ಜನ ಇದ್ದರು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೂ ನಿಂತಿತು.

"ಅಜ್ಜೀ..." ಎಂದು ಚನ್ನಬಸಪ್ಪನವರು ಮುಖ ಮುಚ್ಚಿಕೊಂಡರು.

"ನಾಚ್ಕೆ ಏನಯ್ಯಾ, ಎಲ್ರಿಗೂ ಆಗೋದೇ. ಹೇಳು."

"ಬೆಳ್ಳಗೆ ಅಜ್ಜಿ. ಸುಣ್ಣ ಕಲಸಿದ ಜೇಡಿಮಣ್ಣಿನ ಥರ."

"ಇನ್ನೊಂದು?"

"ಕಾಫಿ ಡಿಕಾಕ್ಷನ್ ಥರ."

ಮಹದೇವ ಕೈಯಲ್ಲಿದ್ದ ಕಾಫಿ ಲೋಟ ಮೆಲ್ಲಗೆ ಕೆಳಗಿಟ್ಟ. ಎಲ್ಲರೂ ನಕ್ಕುಬಿಟ್ಟರು, ಚನ್ನಬಸಪ್ಪನವರೂ ನಕ್ಕರು. ನಾನು ಒಳಗೆ ಹೋಗಿ ದೇವರ ಗೂಡಿನ ಮುಂದೆ ನಿಂತೆ. ನನಗೆ ನಗು ಬರಲಿಲ್ಲ.

ಡಾಕ್ಟರ ಹತ್ತಿರ ಹೋಗೋಣ ಎಂದರೆ ಅವರು ಸುತರಾಂ ಒಪ್ಪಲಿಲ್ಲ. "ಗಿರಿಜಮ್ಮ, ಐದು ವಾರ ತಡ್ಕೊಳ್ಳಿ. ಮದುವೆ ಮುಗ್ದುಹೋಗ್ಲಿ. ಈಗ ಆಸ್ಪತ್ರೆಗೆ ಸೇರಿದೆ ಅಂದ್ರೆ ಬೀಗರು ಏನಂದ್ಕೋತಾರೆ? ಹುಡ್ಗಿ ಅಪ್ಪಂಗೆ ದೊಡ್ಡ ಕಾಯಿಲೆ ಅಂತ ಸಂಬಂಧ ಮುರಿದ್ರೆ? ತಾಯಿ ಇಲ್ದ ಮಗು ಅದು. ಉಣ್ತಾ ಇದೀನಲ್ಲ, ಏನಾಗುತ್ತೆ?"

"ಉಣ್ತಾ ಇದೀರಾ?"

"ತಟ್ಟೆ ನೋಡ್ತೀರಲ್ಲ ನೀವು."

ಮಾರನೆಯ ದಿನ ನಾನು ಮಣೆಗಳ ಸಾಲು ಬದಲಾಯಿಸಿದೆ. ಚನ್ನಬಸಪ್ಪನವರ ಮಣೆ ಎದುರುಗೋಡೆಗೆ ಒಂಟಿಯಾಗಿ ಹಾಕಿದೆ. ಪಕ್ಕದಲ್ಲಿ ಯಾರೂ ಇಲ್ಲ. ಅನ್ನಕ್ಕೆ ಬಂದವರಿಗೆ ಅನ್ನ ಇಲ್ಲ ಎನ್ನುವುದು ನಮ್ಮ ಧರ್ಮವಲ್ಲ; ಆದರೆ ಯಾರನ್ನು ಎಲ್ಲಿ ಕೂರಿಸಬೇಕೆಂಬುದು ಬಡಿಸುವವಳ ಅಧಿಕಾರ. ನಿಂಬೆಹಣ್ಣಿನ ಗಾತ್ರದ ಮುದ್ದೆ, ಒಂದು ಸೌಟು ಸಾರು, ಅಷ್ಟೇ ಬಡಿಸಿದೆ.

ಅವರು ಸುತ್ತ ನೋಡಿದರು. ಅರ್ಥವಾಯಿತು. ಒಂದು ಚೂರು ಮುರಿದು ನುಂಗಿದರು, ಎರಡನೆಯದು ಬಾಯಲ್ಲೇ ನಿಂತಿತು. ಪಂಕ್ತಿ ಎದ್ದಿತು, ಹುಡುಗರು ಕಾಲೇಜಿಗೆ ಹೋದರು. ಅವರು ಕೂತೇ ಇದ್ದರು. ಪ್ರಸಾದ ಬಿಟ್ಟು ಏಳುವಂತಿಲ್ಲ, ಉಣ್ಣಲು ಆಗುತ್ತಿಲ್ಲ. ನಾನು ಕಂಬದ ಮರೆಯಲ್ಲಿ ನಿಂತು ನನ್ನನ್ನೇ ಬೈದುಕೊಂಡೆ. ಇಂಥ ಕಠಿಣ ಕೆಲಸ ನಾನು ಅದರ ಹಿಂದೆ ಮಾಡಿರಲಿಲ್ಲ, ಮುಂದೂ ಮಾಡಿಲ್ಲ.

ಮುದ್ದೆ ಆರಿ ಒಣಗಿತು. ಕೊನೆಗೆ ಆ ಗಟ್ಟಿ ಆಸಾಮಿ ತಟ್ಟೆಯ ಮೇಲೆ ಕೈಯಿಟ್ಟು, "ಆಗ್ತಿಲ್ಲ ಗಿರಿಜಮ್ಮ. ನನ್ ಕೈಲಿ ಆಗ್ತಿಲ್ಲ" ಎಂದು ಅತ್ತುಬಿಟ್ಟರು.

ನಮ್ಮತ್ತೆ ಮುಕ್ಕಾಲಿಯಿಂದ ಎದ್ದರು. ಮಂಡಿ ಹಿಡಿದುಕೊಂಡು ಬಂದು ಅವರೆದುರು ನೆಲದ ಮೇಲೇ ಕೂತರು. ತಟ್ಟೆ ತಮ್ಮ ಕಡೆಗೆ ಎಳೆದುಕೊಂಡು, ಆ ಆರಿದ ಮುದ್ದೆಯನ್ನು ಮುರಿದು ಮುರಿದು ಪೂರ್ತಿ ತಿಂದರು. ನೀರು ಹಾಕಿ ತಟ್ಟೆ ತೊಳೆದು ಕುಡಿದರು. ತಮಗಿಂತ ಇಪ್ಪತ್ತು ವರ್ಷ ಕಿರಿಯನ ತಟ್ಟೆ.

"ಪ್ರಸಾದ ಉಳೀಲಿಲ್ಲ. ನಿಂಗೆ ದೋಷ ಇಲ್ಲ. ಎದ್ದೇಳು, ಆ ಡಾಕ್ಟ್ರ ಹತ್ರ ನಡಿ."

"ಅಜ್ಜಿ, ನೀವೇ ಮಾಗಡಿ ಔಷಧ ಸರಿ ಅಂದ್ರಲ್ಲ..."

"ರುದ್ರಯ್ಯ ಮೇಷ್ಟ್ರೂ ನನ್ ಮಾತು ಕೇಳಿ ಆರು ತಿಂಗ್ಳು ಮೆಂತ್ಯದ ಕಷಾಯ ಕುಡಿದ್ರು. ಇನ್ನೊಬ್ಬನ್ನ ನಾನು ಕಳ್ಕೊಳ್ಳಲ್ಲ. ಏಳು ಅಂದ್ನಲ್ಲ!"

ಮೇಷ್ಟ್ರ ವಿಷಯ ಅವರ ಮನಸ್ಸಿನಲ್ಲಿ ಅಷ್ಟು ವರ್ಷ ಕೂತಿತ್ತೆಂದು ನನಗೆ ಗೊತ್ತಿರಲಿಲ್ಲ. ಯಾರ ತಟ್ಟೆಯಲ್ಲಿ ಏನಿದೆಯೆಂದು ನೋಡುತ್ತಿದ್ದ ನಾನು ನಮ್ಮತ್ತೆಯ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಅಂದೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಈಗಿನ ಹಾಗೆ ಒಳಗಿರುವುದನ್ನು ಹೊರಗಿಂದ ನೋಡುವ ಯಂತ್ರ ಆಗ ಇರಲಿಲ್ಲ. ಹೊಟ್ಟೆ ತೆರೆದೇ ನೋಡಬೇಕು. ಎರಡು ಸಲ ಆಪರೇಷನ್ ಆಗಬಹುದು, ಜೀವಕ್ಕೆ ಭರವಸೆ ಕೊಡಲಾಗದು ಎಂದು ಸರ್ಜನ್ನು ನೀಲಾಳಿಗೆ ನೇರವಾಗಿ ಹೇಳಿದರು.

ನೀಲಾ ಕಣ್ಣೊರೆಸಿಕೊಂಡು ನನ್ನನ್ನು ಕರೆದುಕೊಂಡು ಚಿಕ್ಕಪೇಟೆಗೆ ಹೊರಟಳು. ಮದುವೆಯಾಗದ ಹುಡುಗಿ ತಾನೇ ಗಂಡಿನ ಮನೆಗೆ ಹೋಗುವುದು ಆಗ ದೊಡ್ಡ ಸುದ್ದಿ. ಶಿವಾನಂದನ ತಾಯಿ ಬಾಗಿಲಲ್ಲೇ ಎದುರಾದರು. ನೀಲಾ ನಿಂತೇ ಹೇಳಿದಳು, "ಅಪ್ಪಂಗೆ ದೊಡ್ಡ ಆಪರೇಷನ್ ಇದೆ. ಲಗ್ನ ಮುಂದಕ್ಕೆ ಹಾಕ್ಬೇಕು. ನಿಮ್ಗೆ ಬೇಡ ಅಂದ್ರೆ ನಂಗೆ ಬೇಜಾರಿಲ್ಲ."

ಆ ತಾಯಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ನನ್ನ ಕಡೆ ತಿರುಗಿದರು. "ಅಪ್ಪನ್ನ ಹಿಂಗೆ ನೋಡ್ಕೊಳ್ಳೋಳು ನಾಳೆ ನನ್ನೂ ನೋಡ್ಕೋತಾಳೆ. ಇಂಥವಳನ್ನ ಬಿಡ್ತೀನಾ? ಒಳಗೆ ಬನ್ನಿ, ಹಾಲು ಕುಡೀರಿ." ಐದು ವಾರ ತಡೆಯಿರೆಂದು ಚನ್ನಬಸಪ್ಪನವರು ಹೆದರಿದ್ದು ಈ ಬಾಗಿಲಿಗೆ!

ಆಪರೇಷನ್ನಿಗೆ ರಕ್ತ ಬೇಕೆಂದರು. ಆಗ ಜನ ಸೂಜಿಗಿಂತ ರಕ್ತ ಕೊಡುವ ಮಾತಿಗೇ ಹೆದರುತ್ತಿದ್ದರು. ನಮ್ಮ ಪಂಕ್ತಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ಹನ್ನೊಂದು ಜನ, ಊಟಕ್ಕೆ ಕೂರುವ ಸಾಲಿನಲ್ಲೇ ಕೂತಿದ್ದರು. ಮಹದೇವನ ರಕ್ತ ಹೊಂದಿತು. ಸೂಜಿ ನೋಡುತ್ತಲೇ ಆ ಆನೆ ಧೊಪ್ಪೆಂದು ಬಿತ್ತು. ನರ್ಸಮ್ಮ ನೀರು ಚಿಮುಕಿಸಿ ಎಬ್ಬಿಸಿದರು. ಎದ್ದು, "ತಗೊಳ್ಳಿ, ಒಂದೂವರೆ ತಿಂಗ್ಳು ಅವರ ಮುದ್ದೆ ತಿಂದಿದೀನಿ, ವಾಪಸ್ ಕೊಡ್ಬೇಕು" ಎಂದು ಕಣ್ಣುಮುಚ್ಚಿ ತೋಳು ಚಾಚಿದ. ಶಿವಾನಂದನ ರಕ್ತವೂ ಹೊಂದಿತು. ನಮ್ಮತ್ತೆ ಕೇಳಿ, "ಗಂಡಿಗೆ ಕೊಡೋದು ಕೇಳಿದ್ದೆ. ಗಂಡೇ ಮಾವಂಗೆ ರಕ್ತ ಕೊಡೋದು ಈ ಲಗ್ನದಲ್ಲೇ ನೋಡಿದ್ದು" ಎಂದರು.

ಮೊದಲ ಸಲ ಪಿತ್ತ ಹರಿಯಲು ಬೇರೆ ದಾರಿ ಮಾಡಿದರು. ತುರಿಕೆ ನಿಂತಿತು, ಹಳದಿ ಇಳಿಯಿತು. ಮೂರು ವಾರ ಬಿಟ್ಟು ಗಂಟು ತೆಗೆದರು. ಆ ದಿನ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ನೀಲಾ, ನಾನು, ನಮ್ಮತ್ತೆ ಒಂದೇ ಬೆಂಚಿನ ಮೇಲೆ ಪಂಚಾಕ್ಷರಿ ಜಪಿಸುತ್ತಾ ಕೂತಿದ್ದೆವು. ಸರ್ಜನ್ನು ಹೊರಬಂದು ಬೆರಳ ತುದಿ ತೋರಿಸಿದರು. "ಇಷ್ಟೇ ಇತ್ತು, ಹುಣಿಸೆಬೀಜದಷ್ಟು. ಪಿತ್ತದ ನಾಳ ಕರುಳಿಗೆ ಸೇರೋ ಬಾಯಲ್ಲೇ, ಗ್ರಂಥಿಯ ತಲೆಗೆ ಅಂಟ್ಕೊಂಡು. ಬಾಯಲ್ಲೇ ಇದ್ದಿದ್ರಿಂದ ಬೇಗ ಹಳದಿ ಬಂತು, ಬೇಗ ಸಿಕ್ತು."

ಮೇಷ್ಟ್ರದು ಗ್ರಂಥಿಯ ಬಾಲದ ಕಡೆ ಇದ್ದಿರಬೇಕು, ಹಳದಿಯ ಸುಳಿವೇ ಬಂದಿರಲಿಲ್ಲ ಎಂದು ಮುದುಕ ಡಾಕ್ಟರು ಆಮೇಲೆ ಹೇಳಿದರು. ಅಂದರೆ ನೋಡು, ನೋಡುವ ಕಣ್ಣಿದ್ದರೂ ಎಲ್ಲರೂ ಸಿಕ್ಕುವುದಿಲ್ಲ. ಕೆಲವರಿಗೆ ಗುರುತು ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಬಂದಾಗ ನಾವು ಬೇರೆ ಕಡೆ ನೋಡುತ್ತಿರಬಾರದು, ನಮ್ಮ ಕೈಲಿರುವುದು ಇಷ್ಟೇ. ಸೌಟು ಹಿಡಿಯುವ ನೀನು ಯಾರ ಕಾಯಿಲೆಗೂ ಹೆಸರಿಡಬೇಡ. ತುಪ್ಪ ಯಾರು ಬಿಟ್ಟರು, ಪಂಚೆಯ ಗಂಟು ಯಾರದು ಸಡಿಲವಾಯಿತು, ಯಾರು ಬಗ್ಗಿ ಕೂರುತ್ತಾರೆ, ಯಾರ ಕಣ್ಣು ಹಳದಿ, ಇದನ್ನು ನೋಡಿ ಡಾಕ್ಟರ ಬಾಗಿಲಿಗೆ ಮುಟ್ಟಿಸು. ನೂರರಲ್ಲಿ ತೊಂಬತ್ತು ಸಲ ಅವರು ನಕ್ಕು ಕಳಿಸಲಿ. ಅದೂ ಕೃಪೆಯೇ.

ಮದುವೆ ನಾಲ್ಕು ತಿಂಗಳು ತಡವಾಗಿ ನಮ್ಮ ಬೀದಿಯಲ್ಲೇ ಚಪ್ಪರ ಹಾಕಿ ನಡೆಯಿತು. ಮುತ್ತೈದೆಯರು ಹಾಡು ಹೇಳುವವರೆಗೂ ನಮ್ಮತ್ತೆ ಒಬ್ಬಟ್ಟಿನ ಹೂರಣ ಬಿಟ್ಟು ಕದಲಲಿಲ್ಲ. ಚನ್ನಬಸಪ್ಪನವರು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಉಣ್ಣಬೇಕು, ಜಿಡ್ಡು ಹಿತಮಿತ ಎಂದು ಡಾಕ್ಟರ ಅಪ್ಪಣೆಯಾಗಿತ್ತು. ಅಂದು ಮಾತ್ರ ಒಂದು ಚಮಚ ತುಪ್ಪಕ್ಕೆ ಅನುಮತಿ ತಂದಿದ್ದರು. ಆಮೇಲೆ ಅವರು ಆರು ವರ್ಷ ಬದುಕಿದರು. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೊಡ್ಡ ಬಸವಣ್ಣನ ಗುಡಿಗೆ ಹತ್ತುತ್ತಿದ್ದದ್ದನ್ನು ಬಸವನಗುಡಿಯವರೆಲ್ಲ ನೋಡಿದ್ದಾರೆ.

ಮದುವೆಯ ಊಟದ ಮೊದಲ ಪಂಕ್ತಿ ನಮ್ಮ ನಡುಮನೆಯಲ್ಲೇ; ಚನ್ನಬಸಪ್ಪನವರ ಮಣೆ ಮಹದೇವನ ಪಕ್ಕದಲ್ಲೇ ಹಾಕಿದ್ದೆ. ಅರ್ಧ ಒಬ್ಬಟ್ಟು ಬಡಿಸಿ, ಮೇಲೆ ಚಮಚ ತುಪ್ಪ ಹಾಕಿದೆ. ಎರಡು ಹೆಜ್ಜೆ ಮುಂದೆ ಹೋದವಳು ತಡೆಯಲಾಗದೆ ಹಿಂದಿರುಗಿ ಮಹದೇವನ ತಟ್ಟೆ ಇಣುಕಿದೆ.

"ಅಲ್ಲಿ ನೋಡ್ಬೇಡಿ ಗಿರಿಜಮ್ಮ, ಇವತ್ತು ನಾನು ಯಾರ್ಗೂ ಕೊಡಲ್ಲ" ಎಂದರು ಚನ್ನಬಸಪ್ಪನವರು, ಬಾಯಿ ತುಂಬ ಒಬ್ಬಟ್ಟು ಇಟ್ಟುಕೊಂಡು.

"ನೋಡಿ ಅಕ್ಕಾವ್ರೇ, ಎಷ್ಟು ಜಿಪುಣ ಆಗ್ಬಿಟ್ಟಿದಾರೆ" ಎಂದ ಮಹದೇವ.

ನಗುತ್ತಾ ಅವರು ತಲೆಯೆತ್ತಿದರು. ತೊಟ್ಟಿಯ ಬಿಸಿಲು ಅಂದೂ ಅವರ ಮುಖದ ಮೇಲೇ ಬಿದ್ದಿತ್ತು. ಹಣೆಯಲ್ಲಿ ವಿಭೂತಿಯ ಮೂರು ಗೆರೆ, ಅದರ ಕೆಳಗೆ ಎರಡು ಕಣ್ಣು. ಐದೂ ಒಂದೇ ಬಿಳುಪು.